89 ಲಾರಿಗಳ ರಿಹರ್ಸಲ್: ನೋ-ಡೀಲ್ ಬ್ರೆಕ್ಸಿಟ್‌ಗೆ ಕೆಂಟ್ ತಯಾರಾದ ಬಗೆ

2019ರ ಜನವರಿ 7, ಸೋಮವಾರ ಬೆಳಿಗ್ಗೆ. ಇಂಗ್ಲೆಂಡಿನ ಆಗ್ನೇಯ ಮೂಲೆಯ ಕೆಂಟ್‌ನಲ್ಲಿ ಮ್ಯಾನ್‌ಸ್ಟನ್ ಅನ್ನೋ ಒಂದು ಹಳೇ ವಿಮಾನ ನಿಲ್ದಾಣವಿದೆ. 2014ರಲ್ಲೇ ಅದಕ್ಕೆ ಬೀಗ ಬಿದ್ದಿತ್ತು. ಆ ದಿನ ಅದರ ರನ್‌ವೇ ಮೇಲೆ ಲಾರಿಗಳು ಸಾಲಾಗಿ ಬಂದು ನಿಂತವು. ಅಲ್ಲಿಂದ ಸುಮಾರು 20 ಮೈಲಿ ದೂರದ ಡೋವರ್ ಬಂದರಿಗೆ ಹೋಗಿ ವಾಪಸ್ ಬರಬೇಕು, ಅಷ್ಟೇ ಕೆಲಸ. ಸರಕು ಹೇರುವುದಿಲ್ಲ, ಇಳಿಸುವುದೂ ಇಲ್ಲ. ಇದಕ್ಕೆ ಒಂದೊಂದು ಲಾರಿಗೆ ಸರ್ಕಾರ 550 ಪೌಂಡ್ ಕೊಡುತ್ತಿತ್ತು.

150 ಲಾರಿ ಬರುತ್ತವೆ ಅಂತ ಲೆಕ್ಕ ಹಾಕಿದ್ದರು. ಬಂದಿದ್ದು 89.

ಎಂಟು ಗಂಟೆಗೆ ಒಂದು ಸುತ್ತು, ಹನ್ನೊಂದಕ್ಕೆ ಇನ್ನೊಂದು. ಒಪ್ಪಂದವಿಲ್ಲದೆ ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬಿದ್ದರೆ, ಅಂದರೆ ನೋ-ಡೀಲ್ ಬ್ರೆಕ್ಸಿಟ್ ಆದರೆ, ಡೋವರ್ ರಸ್ತೆಯಲ್ಲಿ ಜಾಮ್ ಆಗುತ್ತದೆ, ಅದನ್ನು ಹೇಗೆ ಸಂಭಾಳಿಸುವುದು ಅಂತ ನೋಡಲು ಈ ತಾಲೀಮು. ಜಾಮ್ ಆಗಲೇ ಇಲ್ಲ. ಟಿವಿ ಕ್ಯಾಮೆರಾಗಳಿಗೆ ಸಿಕ್ಕಿದ್ದು ಒಂದು ಮಾಮೂಲಿ ಸೋಮವಾರದ ರಸ್ತೆ. ಡೋವರ್ ಬಂದರಿನಲ್ಲಿ ಆಗ ದಿನಕ್ಕೆ 10,000 ಲಾರಿಗಳವರೆಗೆ ಓಡಾಡುತ್ತಿದ್ದವು. ಅದರ ಮುಂದೆ 89 ಯಾವ ಲೆಕ್ಕ? ಡೋವರ್ ಸಂಸದ ಚಾರ್ಲಿ ಎಲ್ಫಿಕ್ ಆಡಳಿತ ಪಕ್ಷದವರೇ. ಅವರೂ ಇದು ಸಮುದ್ರದಲ್ಲಿ ಒಂದು ಹನಿಯಷ್ಟೂ ಆಗಲಿಲ್ಲ ಅಂದರು. ಲಾರಿ ಮಾಲೀಕರ ಸಂಘದವರು ಬರೀ ತೋರಿಕೆ ಅಂದರು.

ನಗಲು ಒಳ್ಳೆ ವಸ್ತು. ಇಡೀ ಬ್ರಿಟನ್ ನಕ್ಕಿತು. ಆದರೆ ಈ 89 ಲಾರಿಗಳ ಹಿಂದೆ ಒಂದು ಗಂಭೀರ ಸಮಸ್ಯೆ ಇತ್ತು. ತಯಾರಿಯೇ ಚರ್ಚೆಯ ಆಯುಧವಾದರೆ ತಯಾರಿ ಹೇಗೆ ಕೆಡುತ್ತದೆ ಅನ್ನೋದಕ್ಕೆ ಕೆಂಟ್‌ನ ಆ ಎರಡು ವರ್ಷಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಗಡಿಯಾರ ಯಾರ ಕೈಯಲ್ಲೂ ಇರಲಿಲ್ಲ

ಹಿನ್ನೆಲೆ ಚುಟುಕಾಗಿ. 2016ರ ಜೂನ್ 23ರ ಜನಮತಗಣನೆಯಲ್ಲಿ ಶೇ 51.9 ಜನ ಒಕ್ಕೂಟ ಬಿಡೋಣ ಅಂದರು, ಶೇ 48.1 ಜನ ಉಳಿಯೋಣ ಅಂದರು. ಮತಪತ್ರದಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಬಿಟ್ಟ ಮೇಲೆ ಹೇಗಿರಬೇಕು ಅಂತ ಯಾರೂ ಕೇಳಿರಲಿಲ್ಲ. 2017ರ ಜನವರಿಯಲ್ಲಿ ಪ್ರಧಾನಿ ಥೆರೇಸಾ ಮೇ ಒಂದು ಭಾಷಣದಲ್ಲಿ, ಕೆಟ್ಟ ಒಪ್ಪಂದಕ್ಕಿಂತ ಒಪ್ಪಂದ ಇಲ್ಲದಿರುವುದೇ ವಾಸಿ ಅಂದುಬಿಟ್ಟರು. ಮಾರ್ಚ್ 29ರಂದು ಒಕ್ಕೂಟದ ಮೂಲ ಒಪ್ಪಂದದ 50ನೇ ವಿಧಿಯ ಪ್ರಕಾರ ಹೊರಡುವ ನೋಟಿಸ್ ಕೊಟ್ಟರು.

ಆ ವಿಧಿಯಲ್ಲಿ ಒಂದು ಕೊಕ್ಕೆ ಇದೆ. ನೋಟಿಸ್ ಕೊಟ್ಟ ದಿನದಿಂದ ಎರಡು ವರ್ಷ. ಅಷ್ಟರೊಳಗೆ ಒಪ್ಪಂದ ಆದರೆ ಸರಿ. ಆಗದಿದ್ದರೆ, ಗಡುವು ಮುಂದೂಡಲು ಎಲ್ಲ ದೇಶಗಳೂ ಒಪ್ಪದಿದ್ದರೆ, ಹೊರಗೆ. ನೋ-ಡೀಲ್ ಆಗಲು ಯಾರೂ ಮತ ಹಾಕಬೇಕಾಗಿರಲಿಲ್ಲ. ಸುಮ್ನೆ ಕೂತಿದ್ದರೆ ಸಾಕು, 2019ರ ಮಾರ್ಚ್ 29ರ ರಾತ್ರಿ 11ಕ್ಕೆ ಅದು ತಾನಾಗೇ ಬಂದು ಬಾಗಿಲು ತಟ್ಟುತ್ತಿತ್ತು. ಈ ಒಂದು ಅಂಶ ಮನಸ್ಸಿನಲ್ಲಿಟ್ಟುಕೊಳ್ಳದೆ ಮುಂದಿನ ಗೊಂದಲ ಯಾವುದೂ ಅರ್ಥವಾಗುವುದಿಲ್ಲ.

ಎರಡು ನಿಮಿಷ, 17 ಮೈಲಿ

ಡೋವರ್ ಯಾಕೆ ಇಷ್ಟು ಮುಖ್ಯ? ನಕ್ಷೆ ನೋಡಿದರೆ ಸಾಕು. ಅಲ್ಲಿಂದ ಫ್ರಾನ್ಸ್ ತೀರಕ್ಕೆ ಬರೀ 21 ಮೈಲಿ ಸಮುದ್ರ. ಲಾರಿ ಫೆರಿ ಹತ್ತುತ್ತದೆ, ಒಂದೂವರೆ ಗಂಟೆಯಲ್ಲಿ ಕ್ಯಾಲೆಯಲ್ಲಿ ಇಳಿಯುತ್ತದೆ. ಪಕ್ಕದಲ್ಲೇ ಸಮುದ್ರದಡಿಯ ಸುರಂಗ. ಎಲ್ಲರೂ ಒಂದೇ ಒಕ್ಕೂಟದಲ್ಲಿ ಇದ್ದಷ್ಟು ದಿನ ಕಸ್ಟಮ್ಸ್ ಕಾಗದ ಪತ್ರ ಏನೂ ಇಲ್ಲ. ಒಂದು ಲಾರಿ ದಾಟಲು ಎರಡು ನಿಮಿಷ. ಒಕ್ಕೂಟದ ಆಚೆಯ ದೇಶದ ಸರಕಾದರೆ ಇಪ್ಪತ್ತು ನಿಮಿಷ ಅಂತ ಲೆಕ್ಕ, ಆದರೆ ಅಂಥ ಲಾರಿಗಳು ನೂರಕ್ಕೆ ಎರಡೋ ಮೂರೋ ಅಷ್ಟೇ. ಬಂದರಿನವರು ಮತ್ತೆ ಮತ್ತೆ ಹೇಳುತ್ತಿದ್ದ ಮಾತು ಇದು: ಪ್ರತಿ ಲಾರಿಗೆ ಬರೀ ಎರಡು ನಿಮಿಷ ಜಾಸ್ತಿ ಹಿಡಿದರೂ ಹೊರಗೆ 17 ಮೈಲಿ ಉದ್ದದ ಸಾಲು ನಿಲ್ಲುತ್ತದೆ.

ಜಿಎಸ್‌ಟಿ ಬರುವ ಮೊದಲು ರಾಜ್ಯದ ಗಡಿ ಚೆಕ್‌ಪೋಸ್ಟ್‌ಗಳಲ್ಲಿ ರಾತ್ರಿಯೆಲ್ಲ ಕಾದ ಲಾರಿ ಡ್ರೈವರನ್ನು ಕೇಳಿದರೆ ಈ ಲೆಕ್ಕ ಅವರೇ ಬಿಡಿಸಿ ಹೇಳುತ್ತಾರೆ.

ಕೆಂಟ್ ಜನರಿಗೂ ಇದು ಹೊಸದಾಗಿರಲಿಲ್ಲ. 2015ರ ಬೇಸಿಗೆಯಲ್ಲಿ ಕ್ಯಾಲೆಯಲ್ಲಿ ಫೆರಿ ನೌಕರರು ಮುಷ್ಕರ ಹೂಡಿದರು. ಸುರಂಗದ ಹತ್ತಿರ ವಲಸಿಗರ ಬಿಕ್ಕಟ್ಟು ಬೇರೆ. ಪೊಲೀಸರು ಎಂ20 ಹೆದ್ದಾರಿಯನ್ನೇ ಲಾರಿ ನಿಲ್ದಾಣ ಮಾಡಿದರು. ಆಪರೇಷನ್ ಸ್ಟ್ಯಾಕ್ ಅಂತ ಅದರ ಹೆಸರು. ಸಾವಿರಾರು ಲಾರಿಗಳು ಹೆದ್ದಾರಿ ಮೇಲೆ, ಉಳಿದ ಗಾಡಿಗಳೆಲ್ಲ ಹಳ್ಳಿ ರಸ್ತೆಗಳಲ್ಲಿ. ಆಸ್ಪತ್ರೆಗೆ ಹೋಗುವವರು, ಶಾಲೆಗೆ ಹೋಗುವ ಮಕ್ಕಳು ಎಲ್ಲರೂ ಸಿಕ್ಕಿಹಾಕಿಕೊಂಡರು. ಮರುವರ್ಷ ಇದೇ ಡೋವರ್ ಜಿಲ್ಲೆ ಶೇ 62ರಷ್ಟು ಮತವನ್ನು ಒಕ್ಕೂಟ ಬಿಡುವ ಕಡೆಗೆ ಹಾಕಿತು. ತಮ್ಮ ಕಾಲಿಗೆ ತಾವೇ ಕಲ್ಲು ಹಾಕಿಕೊಂಡರು ಅಂತ ಹೊರಗಿನವರಿಗೆ ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಒಕ್ಕೂಟದ ಒಳಗಿದ್ದಾಗಲೇ ಕ್ಯಾಲೆಯ ಒಂದು ಮುಷ್ಕರ ತಮ್ಮ ಊರನ್ನು ಕಟ್ಟಿಹಾಕಿದ್ದನ್ನು ನೋಡಿದವರು ಅವರು.

ಆದರೆ ಲಂಡನ್ನಿನ ಮಂತ್ರಿಗಳಿಗೆ ಈ ನಕ್ಷೆ ಅಷ್ಟು ಸ್ಪಷ್ಟವಾಗಿರಲಿಲ್ಲ. 2018ರ ನವೆಂಬರ್‌ನಲ್ಲಿ ಬ್ರೆಕ್ಸಿಟ್ ಖಾತೆಯ ಮಂತ್ರಿ ಡೊಮಿನಿಕ್ ರಾಬ್, ದೇಶದ ವ್ಯಾಪಾರ ಡೋವರ್-ಕ್ಯಾಲೆ ದಾರಿಯನ್ನು ಇಷ್ಟೊಂದು ನೆಚ್ಚಿಕೊಂಡಿದೆ ಅಂತ ತನಗೆ ಪೂರ್ತಿ ಅರ್ಥವಾಗಿರಲಿಲ್ಲ ಅಂತ ಸಭೆಯೊಂದರಲ್ಲಿ ಒಪ್ಪಿಕೊಂಡರು. ಪ್ರಾಮಾಣಿಕ ಮಾತು, ನಿಜ. ಗಡುವಿಗೆ ಆಗ ಐದು ತಿಂಗಳೂ ಇರಲಿಲ್ಲ. ಒಂದೇ ವಾರದಲ್ಲಿ ಅವರು ರಾಜೀನಾಮೆ ಕೊಟ್ಟರು, ಕಾರಣ ಬೇರೆ: ಮೇ ತಂದ ಒಪ್ಪಂದ ಅವರಿಗೆ ಒಪ್ಪಿಗೆಯಾಗಲಿಲ್ಲ.

ಹಡಗಿಲ್ಲದ ಹಡಗು ಕಂಪನಿ

ಡೋವರ್ ಕಟ್ಟಿಕೊಂಡರೆ ಬೇರೆ ದಾರಿ ಬೇಕಲ್ವಾ? 2018ರ ಡಿಸೆಂಬರ್ ಕೊನೆಯಲ್ಲಿ ಸಾರಿಗೆ ಇಲಾಖೆ 10 ಕೋಟಿ ಪೌಂಡ್‌ಗೂ ಜಾಸ್ತಿ ಮೊತ್ತದ ಮೂರು ಫೆರಿ ಗುತ್ತಿಗೆ ಕೊಟ್ಟಿತು. ಎರಡು ಹೋಗಿದ್ದು ಹಳೇ ಕಂಪನಿಗಳಿಗೆ, ಬ್ರಿಟನಿ ಫೆರೀಸ್ ಮತ್ತು ಡಿಎಫ್‌ಡಿಎಸ್. ಮೂರನೆಯದು, 1.38 ಕೋಟಿ ಪೌಂಡ್‌ನದು, ಸೀಬೋರ್ನ್ ಫ್ರೈಟ್ ಅನ್ನೋ ಹೊಸ ಕಂಪನಿಗೆ. ಕೆಂಟ್‌ನ ರಾಮ್ಸ್‌ಗೇಟ್‌ನಿಂದ ಬೆಲ್ಜಿಯಂನ ಓಸ್ಟೆಂಡ್‌ಗೆ ಅದು ಲಾರಿ ಸಾಗಿಸಬೇಕಿತ್ತು.

ಆ ಕಂಪನಿಯ ಹತ್ತಿರ ಹಡಗು ಇರಲಿಲ್ಲ. ಅದುವರೆಗೆ ಫೆರಿ ಓಡಿಸಿದ ಅನುಭವವೂ ಇರಲಿಲ್ಲ. ಪತ್ರಕರ್ತರು ಅದರ ವೆಬ್‌ಸೈಟ್‌ನ ಷರತ್ತುಗಳನ್ನು ಓದಿ ನೋಡಿದರೆ, ಊಟದ ಆರ್ಡರ್ ಕೊಡುವ ಗಿರಾಕಿಗಳು ದುಡ್ಡು ಕೊಡುವ ಮುಂಚೆ ಸರಿಯಾಗಿ ಪರಿಶೀಲಿಸಿಕೊಳ್ಳಿ ಅಂತಿತ್ತು. ಯಾವುದೋ ಪಾರ್ಸೆಲ್ ಹೋಟೆಲಿನ ನಿಯಮಗಳನ್ನು ಹಾಗೇ ಎತ್ತಿ ಅಂಟಿಸಿದ್ದರು. ಸಾರಿಗೆ ಮಂತ್ರಿ ಕ್ರಿಸ್ ಗ್ರೇಲಿಂಗ್ ಮಾತ್ರ ಜಗ್ಗಲಿಲ್ಲ. ಹೊಸದಾಗಿ ಶುರುವಾದ ಒಂದು ಬ್ರಿಟಿಷ್ ಕಂಪನಿಗೆ ಬೆಂಬಲ ಕೊಟ್ಟಿದ್ದಕ್ಕೆ ಕ್ಷಮೆ ಕೇಳುವ ಮಾತೇ ಇಲ್ಲ ಅಂದರು. ಫೆಬ್ರುವರಿ 9ರಂದು ಗುತ್ತಿಗೆ ರದ್ದಾಯಿತು. ಹಿಂದೆ ನಿಂತಿದ್ದ ಐರ್ಲೆಂಡಿನ ಹಡಗು ಕಂಪನಿ ಕೈಬಿಟ್ಟಿತ್ತು. ಸೀಬೋರ್ನ್‌ಗೆ ಇನ್ನೂ ದುಡ್ಡು ಸಂದಾಯ ಆಗಿರಲಿಲ್ಲ ಅನ್ನೋದೇ ಸಮಾಧಾನ.

ಕಥೆ ಅಲ್ಲಿಗೇ ಮುಗಿದಿದ್ದರೆ ನಕ್ಕು ಬಿಡಬಹುದಿತ್ತು. ಮೂರೂ ಗುತ್ತಿಗೆಗಳನ್ನು ಬಹಿರಂಗ ಟೆಂಡರ್ ಕರೆಯದೆ ಕೊಟ್ಟಿದ್ದರು. ನಮ್ಮನ್ನು ಕೇಳಲೇ ಇಲ್ಲ ಅಂತ ಸುರಂಗ ನಡೆಸುವ ಯೂರೋಟನೆಲ್ ಕಂಪನಿ ಕೋರ್ಟಿಗೆ ಹೋಯಿತು. ಮಾರ್ಚ್ 1ರಂದು ಸರ್ಕಾರ 3.3 ಕೋಟಿ ಪೌಂಡ್ ಕೊಟ್ಟು ರಾಜಿ ಮಾಡಿಕೊಂಡಿತು. ಗಡುವು ಮುಂದೆ ಹೋದ ಮೇಲೆ ಉಳಿದ ಎರಡು ಗುತ್ತಿಗೆಗಳನ್ನೂ ರದ್ದು ಮಾಡಿ ಮತ್ತೆ ಕೋಟಿಗಟ್ಟಲೆ ಕೊಡಬೇಕಾಯಿತು. ಒಂದೇ ಒಂದು ಲಾರಿ ಆ ಹಡಗುಗಳಲ್ಲಿ ನೋ-ಡೀಲ್ ಕಾರಣಕ್ಕೆ ಹೋಗಲಿಲ್ಲ.

ಟೆಂಡರ್ ಯಾಕೆ ಕರೆಯಲಿಲ್ಲ? ಸಮಯವಿಲ್ಲ, ತುರ್ತು ಅಂದರು. ಎರಡು ವರ್ಷ ಮೊದಲೇ ಗೊತ್ತಿದ್ದ ದಿನಾಂಕ ಅದು! ಈ ಪ್ರಕರಣದ ಗಂಟು ಇರುವುದು ಇಲ್ಲೇ ಅಂತ ನನಗೆ ಅನ್ನಿಸುತ್ತದೆ. 2017ರಲ್ಲೇ ದೊಡ್ಡದಾಗಿ ತಯಾರಿ ಶುರುಮಾಡಿದ್ದರೆ, ಮಾತುಕತೆ ಸೋಲುತ್ತದೆ ಅಂತ ಸರ್ಕಾರವೇ ಒಪ್ಪಿಕೊಂಡ ಹಾಗೆ. ಮಾಡದಿದ್ದರೆ, ಒಪ್ಪಂದವಿಲ್ಲದೆ ಹೋಗಿಬಿಡುತ್ತೇವೆ ಅನ್ನೋ ಬೆದರಿಕೆಯನ್ನು ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನಲ್ಲಿ ಯಾರೂ ನಂಬುವುದಿಲ್ಲ. ಅಲ್ಲಿಯವರಿಗೆ ನಾವು ಸಿದ್ಧ ಅಂತ ತೋರಿಸಬೇಕು, ಇಲ್ಲಿಯವರಿಗೆ ಹೆದರಬೇಡಿ ಅನ್ನಬೇಕು. ಒಂದೇ ಲಾರಿ ಸಾಲು ಎರಡು ಕಡೆಯ ಪ್ರೇಕ್ಷಕರಿಗೆ ಎರಡು ಬೇರೆ ನಾಟಕ ಆಡಬೇಕಿತ್ತು.

ಅರ್ಧ ತಯಾರಿ ಬೇರೆಯವರ ಕೈಲಿ

ಸರ್ಕಾರ ತನ್ನ ಪಾಲಿನ ಕೆಲಸ ಮಾಡಲಿಲ್ಲ ಅಂತಲ್ಲ. 2018ರ ಆಗಸ್ಟ್‌ನಿಂದ ನೂರಕ್ಕೂ ಹೆಚ್ಚು ಸೂಚನಾಪತ್ರಗಳನ್ನು ಹೊರಡಿಸಿತು. ಆರು ವಾರಕ್ಕೆ ಆಗುವಷ್ಟು ಔಷಧಿ ಹೆಚ್ಚುವರಿಯಾಗಿ ಕೂಡಿಡಿ ಅಂತ ಕಂಪನಿಗಳಿಗೆ ಹೇಳಿತು. ತಣ್ಣಗಿಡಬೇಕಾದ ಔಷಧಿಗೆ ಜಾಗ ಬೇಕಲ್ಲ, ಆರೋಗ್ಯ ಮಂತ್ರಿ ಮ್ಯಾಟ್ ಹ್ಯಾನ್‌ಕಾಕ್ ಜಗತ್ತಿನಲ್ಲೇ ಅತಿ ಹೆಚ್ಚು ಫ್ರಿಜ್ ಕೊಳ್ಳುವವನು ನಾನೇ ಅಂತ ಹೇಳಿಕೊಂಡರು. 3,500 ಸೈನಿಕರನ್ನು ಸಿದ್ಧವಾಗಿಟ್ಟರು. 2019ರ ಮಾರ್ಚ್ 25ರಿಂದ ಎಂ20 ಹೆದ್ದಾರಿಯಲ್ಲಿ ಆಪರೇಷನ್ ಬ್ರಾಕ್ ಜಾರಿಗೆ ಬಂತು. ಹೆದ್ದಾರಿಯ ಒಂದು ಬದಿ ಲಾರಿ ನಿಲ್ಲಿಸಲು, ಇನ್ನೊಂದು ಬದಿಯಲ್ಲೇ ಎರಡೂ ಕಡೆಯ ವಾಹನಗಳು ಎದುರುಬದುರಾಗಿ. ಲಾರಿ ಸಾಲು ಬರಲಿಲ್ಲ. ಕೆಲಸಕ್ಕೆ ಹೋಗುವ ಕೆಂಟ್ ಜನ ಮಾತ್ರ ವಾರಗಟ್ಟಲೆ ಆ ಇಕ್ಕಟ್ಟಿನಲ್ಲಿ ನಿಧಾನವಾಗಿ ತೆವಳಿದರು.

ಆದರೆ ಗಡಿ ದಾಟುವುದು ರಸ್ತೆಯಿಂದಲ್ಲ, ಕಾಗದದಿಂದ. ಡೋವರ್‌ನಲ್ಲಿ ಎಷ್ಟೇ ಜಾಗ ಮಾಡಿಕೊಟ್ಟರೂ ಲಾರಿಯಲ್ಲಿರುವ ಸರಕಿಗೆ ಸರಿಯಾದ ಪತ್ರ ಇಲ್ಲದಿದ್ದರೆ ಕ್ಯಾಲೆಯವರು ಬಿಡುವುದಿಲ್ಲ. ಆ ಪತ್ರ ಮಾಡಿಸಬೇಕಾದವನು ಇನ್ನೆಲ್ಲೋ ಇರುವ ಸಣ್ಣ ವ್ಯಾಪಾರಿ. ಜೀವಮಾನದಲ್ಲಿ ಕಸ್ಟಮ್ಸ್ ಫಾರಂ ತುಂಬದವನು. ಒಂದು ನೋಂದಣಿ ಸಂಖ್ಯೆ ಬೇಕಿತ್ತು, ಅದು ಇಲ್ಲದೆ ಏನೂ ನಡೆಯದು. ಲಕ್ಷಕ್ಕೂ ಹೆಚ್ಚು ವ್ಯಾಪಾರಿಗಳು ಅರ್ಜಿಯನ್ನೇ ಹಾಕಲಿಲ್ಲ. ಕೊನೆಗೆ 2019ರ ಆಗಸ್ಟ್‌ನಲ್ಲಿ ತೆರಿಗೆ ಇಲಾಖೆಯೇ 88,000 ಕಂಪನಿಗಳಿಗೆ ಕೇಳದೆಯೇ ಆ ಸಂಖ್ಯೆ ಕೊಟ್ಟುಬಿಟ್ಟಿತು. ಲಾರಿ ಮಾಲೀಕರ ಪಾಡು ಉಲ್ಟಾ. ಯುರೋಪಿನಲ್ಲಿ ಓಡಾಡಲು ಬೇಕಾಗಬಹುದಾದ ವರ್ಷದ ಪರ್ಮಿಟ್ ಸಾವಿರದಷ್ಟೂ ಇರಲಿಲ್ಲ, ಅರ್ಜಿ ಬಂದದ್ದು 11,000ಕ್ಕೂ ಹೆಚ್ಚು.

ಆ ವ್ಯಾಪಾರಿಗಳನ್ನು ಬೈಯುವುದು ಸರಿಯಲ್ಲ. ಟಿವಿ ಹಾಕಿದರೆ ಒಬ್ಬ ಮಂತ್ರಿ ನೋ-ಡೀಲ್ ಆಗುವುದೇ ಇಲ್ಲ ಅನ್ನುತ್ತಾರೆ, ಇನ್ನೊಬ್ಬರು ಆದರೂ ಏನೂ ಆಗಲ್ಲ ಅನ್ನುತ್ತಾರೆ. ತೊಂದರೆ ಆಗುತ್ತದೆ ಅಂದವರ ಮಾತಿಗೆ ‘ಪ್ರಾಜೆಕ್ಟ್ ಫಿಯರ್’, ಅಂದರೆ ಹೆದರಿಸುವ ಆಟ, ಅನ್ನೋ ಹಣೆಪಟ್ಟಿ. ಇಂಥದ್ದರಲ್ಲಿ ಯಾವ ಅಂಗಡಿಯವನು ಸಾಲ ಮಾಡಿ ಗೋದಾಮು ಹಿಡಿಯುತ್ತಾನೆ?

ಎಲ್ಲಕ್ಕೂ ಬೇಡ

ಸಂಸತ್ತಿನ ಕಡೆ ಬರೋಣ. ಮೇ ತಂದ ಒಪ್ಪಂದ 2019ರ ಜನವರಿ 15ರಂದು 432-202ರಿಂದ ಬಿತ್ತು. 230 ಮತಗಳ ಸೋಲು. ಆಧುನಿಕ ಬ್ರಿಟನ್ನಿನ ಯಾವ ಸರ್ಕಾರವೂ ಅಷ್ಟು ದೊಡ್ಡದಾಗಿ ಸೋತಿರಲಿಲ್ಲ. ಐರ್ಲೆಂಡ್ ಗಡಿಯಲ್ಲಿ ಮತ್ತೆ ತಪಾಸಣೆ ಬರದ ಹಾಗೆ ಇಟ್ಟಿದ್ದ ‘ಬ್ಯಾಕ್‌ಸ್ಟಾಪ್’ ಷರತ್ತು ಕಟ್ಟಾ ಬ್ರೆಕ್ಸಿಟ್‌ವಾದಿಗಳಿಗೆ ಬೇಡವಾಗಿತ್ತು. ಉಳಿಯೋಣ ಅನ್ನುವವರಿಗೆ ಒಪ್ಪಂದವೇ ಬೇಡವಾಗಿತ್ತು. ಮಾರ್ಚ್ 12ರಂದು ಮತ್ತೆ ಬಿತ್ತು. ಮರುದಿನವೇ ಸಂಸದರು ನೋ-ಡೀಲ್ ಕೂಡ ಬೇಡ ಅಂತ 312-308ರಿಂದ ತೀರ್ಮಾನಿಸಿದರು. ನಾಲ್ಕೇ ಮತ.

ಹಾಗಾದರೆ ಏನು ಬೇಕು? ಮಾರ್ಚ್ 27ರಂದು ಸಂಸದರು ಕಲಾಪವನ್ನು ಸರ್ಕಾರದ ಕೈಯಿಂದ ಕಿತ್ತುಕೊಂಡು ಎಂಟು ಆಯ್ಕೆಗಳನ್ನು ಮತಕ್ಕೆ ಹಾಕಿದರು. ಒಪ್ಪಂದವಿಲ್ಲದೆ ಹೋಗೋಣ: 160 ಪರ, 400 ವಿರುದ್ಧ. ನೋಟಿಸನ್ನೇ ವಾಪಸ್ ತೆಗೆದುಕೊಳ್ಳೋಣ: 184 ಪರ, 293 ವಿರುದ್ಧ. ಜನರನ್ನು ಇನ್ನೊಂದು ಸಲ ಕೇಳೋಣ: 268 ಪರ, 295 ವಿರುದ್ಧ. ಎಂಟರಲ್ಲಿ ಒಂದೂ ಗೆಲ್ಲಲಿಲ್ಲ. ಏಪ್ರಿಲ್ 1ರಂದು ನಾಲ್ಕಕ್ಕೆ ಇಳಿಸಿ ಮತ್ತೆ ನೋಡಿದರು. ಕಸ್ಟಮ್ಸ್ ಒಕ್ಕೂಟದಲ್ಲಿ, ಅಂದರೆ ದೇಶಗಳ ನಡುವೆ ಸುಂಕವಿಲ್ಲದ ವ್ಯವಸ್ಥೆಯಲ್ಲಿ, ಉಳಿಯುವ ಸಂಸದ ಕೆನ್ ಕ್ಲಾರ್ಕ್ ಅವರ ಸಲಹೆ 273-276ರಿಂದ ಸೋತಿತು. ಡೋವರ್ ದೃಷ್ಟಿಯಿಂದ ನೋಡಿದರೆ ಆ ಮೂರು ಮತದ ತೂಕ ದೊಡ್ಡದು. ಅದು ಗೆದ್ದು ಜಾರಿಯಾಗಿದ್ದರೆ ಎಂ20ರ ಮೇಲಿನ ಅರ್ಧ ಚಿಂತೆ ಕರಗುತ್ತಿತ್ತು.

ಬೀದಿಯಲ್ಲೂ ಇದೇ ಗಲಾಟೆ. ಮರುಮತ ಬೇಕು ಅಂತ ಮಾರ್ಚ್ 23ರಂದು ಲಂಡನ್ನಿನಲ್ಲಿ ಲಕ್ಷಾಂತರ ಜನ ನಡೆದರು. ನೋಟಿಸ್ ವಾಪಸ್ ತೆಗೆದುಕೊಳ್ಳಿ ಅನ್ನುವ ಮನವಿಗೆ 60 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಮಾರ್ಚ್ 29, ಹೊರಡಬೇಕಿದ್ದ ದಿನ, ಸಂಸತ್ತಿನ ಎದುರು ಬ್ರೆಕ್ಸಿಟ್ ಬೇಕು ಅನ್ನುವವರು ಸೇರಿದ್ದರು. ಒಳಗೆ ಮೇ ಒಪ್ಪಂದ ಮೂರನೇ ಸಲ 344-286ರಿಂದ ಬಿತ್ತು. ಗಡುವು ಮೊದಲು ಏಪ್ರಿಲ್ 12ಕ್ಕೆ, ಆಮೇಲೆ ಅಕ್ಟೋಬರ್ 31ಕ್ಕೆ ಹೋಯಿತು. ಗೋದಾಮು ತುಂಬಿಸಿಕೊಂಡಿದ್ದ ಕಂಪನಿಗಳು ತಲೆ ಮೇಲೆ ಕೈ ಹೊತ್ತು ಕೂತವು. ಕೂಡಿಟ್ಟ ಸರಕು ಏನು ಮಾಡಬೇಕು?

ಒಂದೇ ಕಾಗದ, ಎರಡು ತಲೆಬರಹ

ಜುಲೈ 24ರಂದು ಬೋರಿಸ್ ಜಾನ್ಸನ್ ಪ್ರಧಾನಿಯಾದರು. ಏನೇ ಆಗಲಿ ಅಕ್ಟೋಬರ್ 31ಕ್ಕೆ ಹೊರಡುವುದೇ ಅಂದರು. ನೋ-ಡೀಲ್ ತಯಾರಿಯ ಹೊಣೆ ಮಂತ್ರಿ ಮೈಕಲ್ ಗೋವ್‌ಗೆ ಬಂತು. ಇನ್ನೂ 210 ಕೋಟಿ ಪೌಂಡ್ ತೆಗೆದಿಟ್ಟರು.

ಆಗಸ್ಟ್ 18ರಂದು ಒಂದು ಭಾನುವಾರದ ಪತ್ರಿಕೆ ಸರ್ಕಾರದ ಗುಟ್ಟಿನ ಕಾಗದವೊಂದನ್ನು ಹೊರಹಾಕಿತು. ಯೆಲ್ಲೋಹ್ಯಾಮರ್ ಅನ್ನೋದು ಒಂದು ಪುಟ್ಟ ಹಳದಿ ಹಕ್ಕಿಯ ಹೆಸರು. ನೋ-ಡೀಲ್ ಯೋಜನೆಗೂ ಅದೇ ಹೆಸರು. ಅದು ಹಳೇ ಕಾಗದ ಅಂತ ಸರ್ಕಾರದ ಮೂಲಗಳು ತಳ್ಳಿಹಾಕಿದವು. ಸೆಪ್ಟೆಂಬರ್ 9ರಂದು ಸಂಸತ್ತು ಮತ ಹಾಕಿ ಕಾಗದ ಬಿಡಿ ಅಂತ ಹೇಳಿತು, 11ರಂದು ಬಿಟ್ಟರು. ತಾರೀಖು ಆಗಸ್ಟ್ 2. ಹಳೇದಲ್ಲ, ಜಾನ್ಸನ್ ಅಧಿಕಾರಕ್ಕೆ ಬಂದ ಮೇಲಿನದ್ದೇ.

ಒಳಗೆ ಏನಿತ್ತು? ಡೋವರ್-ಕ್ಯಾಲೆ ನಡುವಿನ ಸಮುದ್ರ ದಾಟುವ ಲಾರಿಗಳಲ್ಲಿ ಶೇ 50ರಿಂದ 85ರಷ್ಟು ಫ್ರಾನ್ಸಿನ ಕಸ್ಟಮ್ಸ್‌ಗೆ ಸಿದ್ಧ ಇಲ್ಲದಿರಬಹುದು. ಮೊದಲ ದಿನವೇ ಓಡಾಟ ಮಾಮೂಲಿನ ಶೇ 40-60ರಷ್ಟಕ್ಕೆ ಇಳಿಯಬಹುದು. ಅತಿ ಕೆಟ್ಟ ಅಡಚಣೆ ಮೂರು ತಿಂಗಳವರೆಗೆ. ಒಂದು ಲಾರಿ ಒಂದೂವರೆಯಿಂದ ಎರಡೂವರೆ ದಿನ ಕಾಯಬೇಕಾಗಬಹುದು. ಔಷಧಿಯ ಮುಕ್ಕಾಲು ಪಾಲು ಬರುವುದು ಇದೇ ದಾರಿಯಲ್ಲಿ. ಬೆಲೆ ಏರಿದರೆ ಬಡವರಿಗೇ ಜಾಸ್ತಿ ಹೊಡೆತ. 15ನೇ ಪ್ಯಾರಾವನ್ನು ಕಪ್ಪು ಮಸಿ ಬಳಿದು ಮುಚ್ಚಿದ್ದರು.

ಇದಕ್ಕಿಂತ ನನಗೆ ಕುತೂಹಲ ಹುಟ್ಟಿಸಿದ್ದು ತಲೆಬರಹ. ಸರ್ಕಾರ ಬಿಟ್ಟ ಪ್ರತಿಯ ಮೇಲೆ, ಇವು ಆಗಬಹುದಾದ ಅತಿ ಕೆಟ್ಟ ಸ್ಥಿತಿಯ ಊಹೆಗಳು ಅಂತಿತ್ತು. ಮೊದಲು ಸುದ್ದಿ ತಂದ ಪತ್ರಕರ್ತೆ, ತಮಗೆ ಸಿಕ್ಕ ಪ್ರತಿಯಲ್ಲಿ ಹಾಗಿರಲಿಲ್ಲ, ‘ಮೂಲ ಸನ್ನಿವೇಶ’ ಅಂತಿತ್ತು ಅಂದರು. ಒಳಗಿನ ಮಾತು ಹೆಚ್ಚುಕಮ್ಮಿ ಅದೇ. ದೇಶವೆಲ್ಲ ಆ ತಲೆಬರಹದ ಮೇಲೆ ಜಗಳಾಡಿತು. ಲಾರಿ ಮಾಲೀಕನಿಗೆ ಬೇಕಿದ್ದ ಉತ್ತರ, ಅಂದರೆ ನಾನು ನಾಳೆ ಯಾವ ಫಾರಂ ತುಂಬಬೇಕು, ಈ ಜಗಳದಲ್ಲಿ ಎಲ್ಲೂ ಸಿಗಲಿಲ್ಲ.

ಅದೇ ಸೆಪ್ಟೆಂಬರ್‌ನಲ್ಲಿ ‘ಬ್ರೆಕ್ಸಿಟ್‌ಗೆ ಸಿದ್ಧರಾಗಿ’ ಅನ್ನೋ ಜಾಹೀರಾತು ಶುರುವಾಯಿತು. ಬಸ್‌ಸ್ಟಾಪು, ಹೋರ್ಡಿಂಗು, ಟಿವಿ, ಎಲ್ಲೆಲ್ಲೂ ಅಕ್ಟೋಬರ್ 31ರ ದಿನಾಂಕ. 10 ಕೋಟಿ ಪೌಂಡ್ ಖರ್ಚು ಮಾಡುವ ಯೋಚನೆ ಇತ್ತು, ಅದರಲ್ಲಿ 4.6 ಕೋಟಿ ಖರ್ಚಾಯಿತು. ಅದರಿಂದ ಜನ ಹೆಚ್ಚು ಸಿದ್ಧರಾದರು ಅನ್ನೋದಕ್ಕೆ ಅಂಥ ಪುರಾವೆ ಇಲ್ಲ ಅಂತ ಅಲ್ಲಿನ ಲೆಕ್ಕಪರಿಶೋಧನಾ ಕಚೇರಿ ಆಮೇಲೆ ಬರೆಯಿತು. ಒಪ್ಪಂದ ಸಿಗದಿದ್ದರೆ ಗಡುವು ಮುಂದೂಡಲು ಕೇಳಲೇಬೇಕು ಅಂತ ಸಂಸತ್ತು ಕಾನೂನು ಮಾಡಿತ್ತು. ಅಕ್ಟೋಬರ್ 31 ಬಂತು, ಹೋಯಿತು. ಆ ತಾರೀಖು ಅಚ್ಚು ಹಾಕಿದ್ದ ಸುಮಾರು ಹತ್ತು ಲಕ್ಷ 50 ಪೆನ್ಸ್ ನಾಣ್ಯಗಳನ್ನು ಕರಗಿಸಬೇಕಾಯಿತು.

ಡಿಸೆಂಬರ್ ಚುನಾವಣೆಯಲ್ಲಿ ಜಾನ್ಸನ್ 80 ಸ್ಥಾನಗಳ ಬಹುಮತದಿಂದ ಗೆದ್ದರು. ತಿದ್ದಿದ ಒಪ್ಪಂದದೊಂದಿಗೆ 2020ರ ಜನವರಿ 31ರಂದು ಬ್ರಿಟನ್ ಹೊರಬಂತು. ಗಡಿಯಲ್ಲಿ ಮಾತ್ರ ಆ ವರ್ಷದ ಕೊನೆಯವರೆಗೆ ಹಳೇ ನಿಯಮವೇ. ಅಷ್ಟರಲ್ಲಿ ಹೊರಹೋಗುವ ತಯಾರಿಗೆ ಸರ್ಕಾರ ಕಡಿಮೆ ಅಂದರೂ 440 ಕೋಟಿ ಪೌಂಡ್ ಖರ್ಚು ಮಾಡಿತ್ತು.

ಮತ್ತೆ ಮ್ಯಾನ್‌ಸ್ಟನ್

2020ರ ಡಿಸೆಂಬರ್ 20, ಭಾನುವಾರ ರಾತ್ರಿ. ಒಕ್ಕೂಟದ ಜೊತೆ ವ್ಯಾಪಾರ ಒಪ್ಪಂದ ಇನ್ನೂ ಆಗಿರಲಿಲ್ಲ. ಹಳೇ ನಿಯಮ ಮುಗಿಯಲು ಹನ್ನೊಂದು ದಿನ ಬಾಕಿ. ಅಷ್ಟರಲ್ಲಿ ಕೆಂಟ್‌ನಲ್ಲಿ ಕಾಣಿಸಿಕೊಂಡ ಕೊರೊನಾದ ಹೊಸ ತಳಿಗೆ ಹೆದರಿ ಫ್ರಾನ್ಸ್ 48 ಗಂಟೆ ಗಡಿ ಮುಚ್ಚಿತು. ಡೋವರ್ ನಿಂತುಹೋಯಿತು. ಎರಡು ವರ್ಷದಿಂದ ಕಾಗದದ ಮೇಲಿದ್ದ ಜಾಮ್ ಒಂದೇ ರಾತ್ರಿಯಲ್ಲಿ ರಸ್ತೆಗೆ ಇಳಿಯಿತು. ಕಾರಣ ಮಾತ್ರ ಯಾರ ಪಟ್ಟಿಯಲ್ಲೂ ಇರಲಿಲ್ಲ.

ಈಗ ಮ್ಯಾನ್‌ಸ್ಟನ್ ಬೇಕಾಯಿತು. 89 ಲಾರಿ ಸಾಲಾಗಿ ನಿಂತಿದ್ದ ಅದೇ ರನ್‌ವೇ ಮೇಲೆ ಸಾವಿರಾರು ಲಾರಿಗಳು ತುಂಬಿದವು. ಎಂ20ರ ಮೇಲೆ ಇನ್ನಷ್ಟು. ಜಾಗ ಇತ್ತು, ತಡೆಗೋಡೆ ಇತ್ತು, ನಕ್ಷೆ ಇತ್ತು. ಅಷ್ಟು ಬೇಗ ನಿಲ್ಲಿಸಲು ಜಾಗ ಸಿಕ್ಕಿದ್ದು ಆ ಹಾಸ್ಯಾಸ್ಪದ ತಾಲೀಮಿನ ಕಾಲದ ಯೋಜನೆಯಿಂದಲೇ ಅನ್ನೋದನ್ನು ನಕ್ಕವರೆಲ್ಲ ಒಪ್ಪಬೇಕು. ಆದರೆ ಶೌಚಾಲಯ ಸಾಲಲಿಲ್ಲ, ಊಟ ಸರಿಯಾಗಿ ತಲುಪಲಿಲ್ಲ. ಪೋಲೆಂಡ್, ರೊಮೇನಿಯಾ ಕಡೆಯ ಡ್ರೈವರ್‌ಗಳು ಕ್ರಿಸ್‌ಮಸ್‌ಗೆ ಮನೆ ಸೇರುವ ಆಸೆಯಲ್ಲಿದ್ದವರು. ಯಾವಾಗ ಬಿಡುತ್ತೀರಿ ಅಂತ ಕೇಳಿದರೆ ಹೇಳುವವರಿಲ್ಲ. ಪರೀಕ್ಷೆ ಮಾಡಿಸಿಕೊಂಡು ಸೋಂಕಿಲ್ಲ ಅಂತಾದರೆ ಮಾತ್ರ ಬಿಡುವುದು ಅಂದಾಗ ಸೈನಿಕರು ಬಂದು ಕ್ಯಾಬಿನ್ನಿಂದ ಕ್ಯಾಬಿನ್ನಿಗೆ ಮೂಗಿನ ದ್ರವ ತೆಗೆಯಲು ಶುರುಮಾಡಿದರು.

ಮಂಗಳವಾರ ಕೆಂಟ್‌ನದೇ ಗ್ರೇವ್ಸೆಂಡ್ ಊರಿನ ಗುರುನಾನಕ್ ದರ್ಬಾರ್ ಗುರುದ್ವಾರದ ಅಡುಗೆಮನೆಯಲ್ಲಿ ಒಲೆ ಹೊತ್ತಿತು. ಸಿಖ್ಖರ ಸೇವಾ ಸಂಸ್ಥೆ ಖಾಲ್ಸಾ ಏಡ್‌ನ ಕಾರ್ಯಕರ್ತರ ಜೊತೆ ಸೇರಿ ಕಡಲೆಕಾಳಿನ ಸಾರು, ಅನ್ನ, ಅಣಬೆ ಹಾಕಿದ ಪಾಸ್ತಾ ಮಾಡಿ ನೂರಾರು ಪೊಟ್ಟಣ ಕಟ್ಟಿದರು. ಪೊಲೀಸರ ಬೆಂಗಾವಲಿನಲ್ಲಿ ಅವು ಲಾರಿ ಸಾಲಿನತ್ತ ಹೋದವು. ನೂರಾರು ಕೋಟಿ ಪೌಂಡಿನ ಯೋಜನೆಯಲ್ಲಿ ಡ್ರೈವರ್ ಏನು ತಿನ್ನಬೇಕು ಅನ್ನೋದನ್ನು ಯಾರೂ ಗಟ್ಟಿಯಾಗಿ ಬರೆದಿಟ್ಟಿರಲಿಲ್ಲ ಅಂತ ಕಾಣುತ್ತದೆ.

ಡಿಸೆಂಬರ್ 24ರಂದು ವ್ಯಾಪಾರ ಒಪ್ಪಂದ ಕೈಗೂಡಿತು. ಸುಂಕ ಬರಲಿಲ್ಲ, ಕಾಗದ ಪತ್ರ ಬಂತು. ಫ್ರಾನ್ಸಿನವರು ಜನವರಿ 1ರಿಂದಲೇ ತಪಾಸಣೆ ಶುರುಮಾಡಿದರು. ಒಳಬರುವ ಸರಕಿಗೆ ತಾನು ಮಾಡಬೇಕಿದ್ದ ಪೂರ್ತಿ ತಪಾಸಣೆಯನ್ನು ಬ್ರಿಟನ್ ಮತ್ತೆ ಮತ್ತೆ ಮುಂದೂಡಿತು. ಯುರೋಪಿನಿಂದ ಬರುವ ಮಾಂಸ, ಗಿಡಗಳ ಲಾರಿಗಳನ್ನು ನಿಲ್ಲಿಸಿ ನೋಡುವುದು ಶುರುವಾದಾಗ 2024ರ ಏಪ್ರಿಲ್ 30.